ನಮ್ಮನೆ ಸೀಗಡಿಯ ಏಕಾದಶಿ

ನಾಯಿ ಸಾಕಿದವರನ್ನು ಯಾರೂ ‘ಯಾಕೆ’ ಎಂದು ಕೇಳುವುದಿಲ್ಲ. ಗಿಳಿ ಸಾಕಿದರೂ ಕೇಳುವುದಿಲ್ಲ. ಗಾಜಿನ ತೊಟ್ಟಿಯಲ್ಲಿ ಸೀಗಡಿ ಸಾಕಿ ನೋಡಿ, ಬಾಗಿಲಿಗೆ ಬಂದ ಹಾಲಿನವನಿಂದ ಹಿಡಿದು ಪುರೋಹಿತರವರೆಗೆ ಎಲ್ಲರಿಗೂ ಉತ್ತರ ಕೊಡಬೇಕು. ಅದರಲ್ಲೂ ಬೆಳ್ಳುಳ್ಳಿಯನ್ನೇ ವಾರದ ದಿನ ನೋಡಿ ಒಳಗೆ ಬಿಟ್ಟುಕೊಳ್ಳುವ ನಮ್ಮಂಥ ಮನೆಯಲ್ಲಿ ಸಾಕಿದರಂತೂ ದಿನಕ್ಕೊಂದು ಪ್ರಸಂಗ ಖಾತ್ರಿ. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ನಾವು ಶಿರಸಿಯ ಹತ್ತಿರ ಇಸಳೂರಿನಲ್ಲಿ ಹೊಸ ಮನೆ ಕಟ್ಟಿಸಿಕೊಂಡಿದ್ದೆವು. ಮನೆಯಲ್ಲಿ ಮೂರೇ ಜನ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನಾನು, ಸರ್ಕಾರಿ ಆಫೀಸಿನ ಗುಮಾಸ್ತರಾದ ನಮ್ಮನೆಯವರು, ನಮ್ಮಿಬ್ಬರನ್ನೂ ಹದ್ದುಬಸ್ತಿನಲ್ಲಿಟ್ಟ ನಮ್ಮತ್ತೆ.

೧. ಬಸ್ಸಿನಲ್ಲಿ

ತರಬೇತಿಗೆಂದು ಹುಬ್ಬಳ್ಳಿಗೆ ಹೋದವಳು ಅಲಂಕಾರದ ಮೀನಿನ ಅಂಗಡಿಯೊಂದರ ಮುಂದೆ ನಿಂತುಬಿಟ್ಟೆ. ಒಂದು ತೊಟ್ಟಿಯಲ್ಲಿ ಉಗುರಿನಷ್ಟುದ್ದದ, ಕುಂಕುಮದ ಬಣ್ಣದ ಸೀಗಡಿಗಳು ಪಾಚಿಯ ಮೇಲೆ ಕೂತು ಎರಡೂ ಕೈಯಲ್ಲಿ ಗಬಗಬ ತಿನ್ನುತ್ತಿದ್ದವು. ಸಿಹಿನೀರಿನವು, ಸಾಕುವುದಕ್ಕೆಂದೇ ಇರುವವು ಎಂದ ಅಂಗಡಿಯವನು. ಮನೆಯಲ್ಲಿ ಚಿನ್ನದ ಮೀನು ಸತ್ತು ಖಾಲಿ ಬಿದ್ದ ತೊಟ್ಟಿಯೊಂದಿತ್ತು. ಹಿಂದೆಮುಂದೆ ನೋಡದೆ ಕೊಂಡೆ. ನೀರು, ಗಾಳಿ ತುಂಬಿ ಬಲೂನಿನಂತೆ ಉಬ್ಬಿದ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಯಲ್ಲಾಪುರದ ಬಸ್ಸು ಹತ್ತಿದೆ.

ಕಂಡಕ್ಟರು ಟಿಕೆಟ್ ಹರಿಯುವುದನ್ನು ಬಿಟ್ಟು ಬಗ್ಗಿ ನೋಡಿದ. “ಏನ್ರೀ ಅಕ್ಕಾರ, ಚೀಲದಾಗ ಏನೈತಿ?”

“ಸೀಗಡಿ.”

“ಮೀನಾ ಮಾಂಸಾ ತರಬ್ಯಾಡ್ರಿ ಬಸ್ಸಿನ್ಯಾಗ. ವಾಸನಿ ಹೊಡೀತದ.”

“ಜೀವಂತ ಇವೆ. ತಿನ್ನೋಕಲ್ಲ, ನೋಡೋಕೆ.”

ಅವನು ನನ್ನನ್ನೊಮ್ಮೆ ಚೀಲವನ್ನೊಮ್ಮೆ ನೋಡಿ, “ನೋಡ್ರಿ ಹಂಗಾರ, ನೋಡ್ರಿ” ಎಂದು ದೊಡ್ಡ ಮನಸ್ಸು ಮಾಡಿ ಮುಂದೆ ಹೋದ.

ಯಲ್ಲಾಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅರಬೈಲ್ ಘಟ್ಟ ಹತ್ತಿ ಬಂದ ಮೀನು ಮಾರುವ ಹೆಂಗಸೊಬ್ಬಳು ಖಾಲಿ ಬುಟ್ಟಿ ಮಗುಚಿಟ್ಟುಕೊಂಡು ಎಲೆ ಅಡಿಕೆ ಹಾಕುತ್ತಿದ್ದಳು. ನನ್ನ ಚೀಲ ಕಂಡವಳೇ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು. ಹತ್ತಿರ ಬಂದು, ಚೀಲಕ್ಕೆ ಮೂಗು ತಾಗಿಸಿ, ಒಳಗಿದ್ದವನ್ನು ಒಂದೊಂದಾಗಿ ನೋಡಿದಳು. ಆಮೇಲೆ ನನ್ನ ಮುಖ, ಕುಂಕುಮ, ಕೈಯಲ್ಲಿದ್ದ ತರಬೇತಿಯ ಬ್ಯಾಗು ಎಲ್ಲವನ್ನೂ ನೋಡಿ ನಿಜವಾಗಿಯೂ ಮರುಗಿದಳು.

“ಅಮ್ಮಾ, ನಿಮ್ಗೆ ಶೆಟ್ಲಿ, ಅದೇ ಸೀಗಡಿ, ತಗಂಡು ರೂಢಿ ಇಲ್ಲ ಅಲ್ಲ? ಯಾರೋ ಸಮಾ ಟೋಪಿ ಹಾಕಿದ್ರು ನೋಡಿ. ಇಂಥಾದ್ದನ್ನ ನಮ್ಮಲ್ಲಿ ಬಲೆಯಿಂದ ಕೊಡವಿ ಬಿಸಾಡ್ತ್ರು.”

ನಾನು ಏನು ಹೇಳುವುದಕ್ಕೂ ಬಿಡದೆ ನನ್ನ ಕಿವಿಯ ಹತ್ತಿರ ಬಗ್ಗಿದಳು. “ಮುಂದಿನ ಸಲ ನಂಗೆ ಹೇಳಿ. ಕೈಯುದ್ದದ್ದು ತಂದ್ಕೊಡ್ತೆ. ಬಾಳೆಎಲೆಲಿ ಸುತ್ತಿ ಕೊಡ್ತೆ, ನಿಮ್ಮ ಮನೆಲಿ ಯಾರಿಗೂ ಗೊತ್ತಾಗೂದಿಲ್ಲ!”

೨. ಬಾಯಿ ತೆರೆದರು

ಮನೆಯಲ್ಲಿ ಅವನ್ನು ಏನೆಂದು ಹೇಳಬೇಕು ಎಂದು ಬಸ್ಸಿನಲ್ಲೇ ಯೋಚಿಸಿ ಇಟ್ಟಿದ್ದೆ. ಅತ್ತೆ ಹೊಸ್ತಿಲಲ್ಲೇ ನಿಂತು ಕೇಳಿದರು, “ಎಂತದೇ ಅದು?”

“ನೀರಿನ ಹುಳ, ಅತ್ತೆ. ತೊಟ್ಟಿಲಿ ಬಿಡೋಕೆ. ಬಣ್ಣ ನೋಡಿ, ಎಷ್ಟು ಚೆಂದ!”

ಅತ್ತೆ ಕನ್ನಡಕ ಏರಿಸಿ ನೋಡಿದರು. ಬಣ್ಣಕ್ಕೆ ಅವರು ಸೋಲುತ್ತಾರೆ ಎಂದು ನನಗೆ ಗೊತ್ತು. ಅಂಗಳದ ತುಂಬ ಹೂವಿನ ಗಿಡ ಬೆಳೆಸುವ ಜೀವ ಅದು. “ಚೊಲೋ ಇದ್ದು. ದಾಸವಾಳದ ಬಣ್ಣ” ಎಂದರು. ನಾನು ಗೆದ್ದೆ ಎಂದುಕೊಂಡೆ.

ಅಷ್ಟರಲ್ಲಿ ಒಳಗಿಂದ ಬಂದ ನಮ್ಮನೆಯವರು ತಮ್ಮ ಸಾಮಾನ್ಯ ಜ್ಞಾನ ತೋರಿಸುವ ಸಂದರ್ಭ ಒದಗಿತೆಂದು ಖುಷಿಯಿಂದ ಬಾಯಿ ತೆರೆದರು. “ಓಹೋ, ಸೀಗಡಿ! ಕಾರವಾರದಲ್ಲಿ ಇದನ್ನ ಹುರಿದು ತಿಂತ್ರು.”

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು ಸೆರಗು ಬಾಯಿಗಿಟ್ಟುಕೊಂಡರು. “ಶಿವಶಿವಾ! ತಿಂಬ ವಸ್ತುವನೇ ಇದು?”

ಅವತ್ತು ರಾತ್ರಿ ಊಟದ ಹೊತ್ತಿಗೆ ತೀರ್ಪು ಬಂತು. ಚೌತಿ ಕಳೆದ ಮೇಲೆ ಮಾವನ ತಿಥಿ. ಅಷ್ಟರೊಳಗೆ ಇವು ಮನೆಯಿಂದ ಹೊರಗೆ ಹೋಗಬೇಕು. ತಿಥಿಗೆ ಬರುವ ಪುರೋಹಿತರು ನಡುಮನೆಯಲ್ಲಿ ಸೀಗಡಿ ಕಂಡರೆ ಎಲೆ ಮುಂದೆ ಕೂರುವುದುಂಟೇ? ಪುರೋಹಿತರು ಉಣ್ಣದೆ ಎದ್ದು ಹೋದರೆ ಮಾವನಿಗೆ ಸೇರುವುದೇನು? ಸಂಕ್ರಾಂತಿಯ ಹೊತ್ತಿಗೆ ಬಂದವಕ್ಕೆ ಚೌತಿಯ ತನಕ ಇರಲು ಬಿಟ್ಟಿದ್ದೇ ದೊಡ್ಡ ಮಾತು ಎಂದು ನಾನು ಸುಮ್ಮನಾದೆ. ಒಳಗೊಳಗೇ ಮಾತ್ರ ಇವನ್ನು ಬಿಡುವುದಿಲ್ಲ ಎಂದು ಹಟ ಹಿಡಿದೆ. ಶಾಲೆಯಲ್ಲಿ ದಿನವಿಡೀ ಕೂಗಿ ಬಂದು ಆ ತೊಟ್ಟಿಯ ಮುಂದೆ ಕೂತರೆ ಎದೆಯೊಳಗೆ ತಣ್ಣಗಾಗುತ್ತಿತ್ತು. ಅದನ್ನು ಬಿಡುವುದು ನನ್ನಿಂದ ಆಗದ ಮಾತಾಗಿತ್ತು.

ನಮ್ಮನೆಯವರಿಗೆ ಎಂಟು ದಿನ ನಾನು ಬರೀ ಗಂಜಿ ಬಡಿಸಿದೆ. ಯಾಕೆ ಎಂದು ಕೇಳುವ ಧೈರ್ಯ ಅವರು ಮಾಡಲಿಲ್ಲ.

೩. ಸಾವಿನ ಮನೆ

ಒಂದು ವಾರ ಕಳೆದಿರಬೇಕು. ಶಾಲೆಯಿಂದ ಬಂದಾಗ ಅತ್ತೆ ಜಗುಲಿಯಲ್ಲೇ ಸುದ್ದಿ ಹೇಳಿದರು. “ಒಂದು ಹೋತು ಮಾರಾಯ್ತಿ.”

ಹೋಗಿ ನೋಡಿದರೆ ಪಾಚಿಯ ಮೇಲೆ ಗಾಜಿನಷ್ಟು ತೆಳ್ಳಗಿನ ಸೀಗಡಿಯ ಚಿಪ್ಪು, ಮೀಸೆ ಕಾಲು ಸಮೇತ. ನನಗೆ ನಗು ಬಂತು. ಮರುದಿನ ಅತ್ತೆ ಮತ್ತೊಂದು ಸಾವಿನ ಸುದ್ದಿ ತಂದರು. ಅದರ ಮರುದಿನ ಎರಡು. ಅತ್ತೆಯ ದನಿಯಲ್ಲಿ ಮರುಕ ಕಾಣಿಸತೊಡಗಿತು. “ಪಾಪ, ಎಂತಾ ಕಾಯಿಲೆಯೋ. ಸರದಿ ಹಿಡಿದು ಸಾಯ್ತಾ ಇದ್ದ” ಎಂದವರು ತೊಟ್ಟಿಯಲ್ಲಿರುವವು ಮಾತ್ರ ಕಡಿಮೆಯಾಗುತ್ತಿಲ್ಲ ಎಂಬುದನ್ನು ಗಮನಿಸಿ ನನ್ನನ್ನು ತೊಟ್ಟಿಯ ಮುಂದೆ ಎಳೆದು ನಿಲ್ಲಿಸಿದರು. “ಇಷ್ಟು ಸತ್ತ ಮೇಲೂ ಅಷ್ಟೇ ಇದ್ವಲೇ! ಹ್ಯಾಂಗೆ?”

ವಿಜ್ಞಾನದ ಟೀಚರಿಗೆ ಇದಕ್ಕಿಂತ ಬೇಕೆ? ಸೀಗಡಿ ಬೆಳೆದಂತೆ ಮೈಮೇಲಿನ ಚಿಪ್ಪು ಬಿಗಿಯಾಗುತ್ತದೆ, ಹಾವು ಪೊರೆ ಬಿಟ್ಟಂತೆ ಇದೂ ಅದನ್ನು ಕಳಚಿ ಹೊಸದನ್ನು ತೊಡುತ್ತದೆ, ಹಳೆಯದನ್ನು ತೆಗೆಯಬಾರದು, ಮೈ ಗಟ್ಟಿಯಾಗಲು ಅದನ್ನೇ ತಿನ್ನುತ್ತವೆ ಎಂದು ತರಗತಿಯಲ್ಲಿ ಹೇಳಿದಂತೆ ಹೇಳಿದೆ.

ಅತ್ತೆ ಕಿವಿಗೊಟ್ಟು ಕೇಳಿದರು. ಆರಾಮ ಕುರ್ಚಿಯಲ್ಲಿ ಕಂಕುಳು ಹರಿದ ಬನಿಯನ್ನಿನಲ್ಲಿ ಒರಗಿದ್ದ ಮಗನ ಕಡೆ ಒಮ್ಮೆ ತಿರುಗಿದರು.

“ಹಳೆ ಅಂಗಿ ಬಿಸಾಡಲೆ ಮನಸ್ಸು ಬಾರದ್ದು ನಮ್ಮನೆ ಮಾಣಿಗೂ ಇದ್ದು. ಆದ್ರೆ ಅವ ತಿಂತ್ನಿಲ್ಲೆ.”

೪. ಉಪವಾಸ

ಸಾವಿನ ಮನೆಗೆ ಹೋಗಿ ಬರುತ್ತಾ ಬರುತ್ತಾ ಅತ್ತೆಗೆ ತೊಟ್ಟಿಯ ಮುಂದೆ ನಿಲ್ಲುವುದು ರೂಢಿಯಾಯಿತು. ಒಂದು ದಿನ ನಾನು ಬೇಯಿಸಿದ ಬಸಳೆ ಎಲೆ ಹಾಕುತ್ತಿದ್ದಾಗ ಹಿಂದೆ ಬಂದು ನಿಂತರು.

“ಇವು ಸೊಪ್ಪು ತಿಂತ್ವನೇ?”

“ಸೊಪ್ಪು, ಸೌತೆಕಾಯಿ, ಪಾಚಿ. ಉಪ್ಪು ಮಾತ್ರ ಹಾಕಬಾರದು.”

“ಹಾಂಗರೆ ಇವನ್ನ ತಿಂಬವು ಮಾಂಸದವು. ಇವೆಂತ ಮಾಡಿದ್ದ, ಪಾಪ?”

ಮರುದಿನದಿಂದ ಸೊಪ್ಪು ಬೇಯಿಸುವ ಕೆಲಸ ಅತ್ತೆ ನೋಡಿಕೊಂಡರು. ಹರಿವೆಯ ಎಳೆ ಚಿಗುರು ತೊಟ್ಟಿಗೆ, ದಂಟು ನಮಗೆ. ಒಂದು ಬೆಳಿಗ್ಗೆ ಮಾತ್ರ ಸೊಪ್ಪು ಬೀಳಲಿಲ್ಲ. ಮರೆತರೇನೋ ಎಂದು ಕೇಳಿದೆ.

“ಮರೆತದ್ದಲ್ಲ. ಇವತ್ತು ಏಕಾದಶಿ. ಈ ಮನೆಲಿ ಇದ್ದ ಮೇಲೆ ಇವಕ್ಕೂ ಉಪವಾಸವೇಯ.”

ಸೀಗಡಿಗಳು ಕಲ್ಲಿನ ಮೇಲಿನ ಪಾಚಿಯನ್ನು ಬಿಡುವಿಲ್ಲದೆ ಕೆರೆಯುತ್ತಿದ್ದವು. ನಾನು ತೋರಿಸಿದೆ. “ಎಲ್ಲಿಯ ಉಪವಾಸ ಅತ್ತೆ? ನೋಡಿ, ತಿಂತಾನೇ ಇವೆ.”

ಅತ್ತೆಗೆ ಆ ಪ್ರಶ್ನೆ ತೀರಾ ಸಣ್ಣದೆನಿಸಿತು. “ಪಾಚಿ ಆಗ್ತು. ನಿನ್ನ ಗಂಡ ಏಕಾದಶಿಗೆ ಅವಲಕ್ಕಿ, ಬಾಳೆಹಣ್ಣು, ಶೇಂಗಾ ಎಲ್ಲಾ ಹೊಡಿತ್ನಲೇ. ಅದನ್ನ ಉಪವಾಸ ಹೇಳದಾದ್ರೆ ಇದು ನಿರ್ಜಲ!”

ನೀರಿನಲ್ಲೇ ಇರುವ ಪ್ರಾಣಿಯ ನಿರ್ಜಲ ಏಕಾದಶಿಯನ್ನು ಅವತ್ತೇ ನಾನು ಮೊದಲು ಕಂಡದ್ದು.

೫. ಶುದ್ಧಿ

ಎಲ್ಲವೂ ನಗುವಂಥದ್ದೇ ಆಗಿರಲಿಲ್ಲ. ಒಂದು ಸಂಜೆ ಬಂದಾಗ ಅತ್ತೆ ಎರಡೂ ಕೈ ತೊಟ್ಟಿಯ ಅಂಚಿಗೆ ಊರಿ ನಿಂತಿದ್ದರು. ದೀಪ ಹಚ್ಚುವ ಹೊತ್ತಾದರೂ ದೇವರ ಮುಂದೆ ಕತ್ತಲೆ. ಒಳಗೆ ಸೀಗಡಿಗಳು ಮಗ್ಗುಲಾಗಿ ಬಿದ್ದಿದ್ದವು. ಕೆಲವು ಸುಮ್ಮನೆ ಗಿರಗಿರ ಸುತ್ತಿ ಮತ್ತೆ ಬೀಳುತ್ತಿದ್ದವು.

“ಬೆಳಿಗ್ಗೆ ಚೊಲೋ ಇದ್ದಿದ್ದ” ಎಂದರು ಅತ್ತೆ.

“ತೊಟ್ಟಿಗೆ ಏನಾದರೂ ಹಾಕಿದ್ರಾ ಅತ್ತೆ?”

“ಕೆಟ್ಟದ್ದು ಎಂತದೂ ಇಲ್ಲೆ. ದಿನಾ ಪೂಜೆ ಆದ ಮೇಲೆ ಒಂದು ತಂಬಿಗೆ ತೀರ್ಥ ಹಾಕ್ತಾ ಇದ್ದೆ. ಸೀಗಡಿ ಆದ್ರೂ ಶುದ್ಧ ಆಗ್ಲಿ ಹೇಳಿ.”

ರಾತ್ರಿಯಿಡೀ ತಾಮ್ರದ ತಂಬಿಗೆಯಲ್ಲಿ ನಿಂತ ನೀರು! ನಮಗೆ ಪುಣ್ಯ ತರುವ ತಾಮ್ರ ಸೀಗಡಿಗೆ ವಿಷ. ಸೀರೆ ಸೊಂಟಕ್ಕೆ ಸಿಕ್ಕಿಸಿ ನೀರು ಎತ್ತತೊಡಗಿದೆ. ನಮ್ಮನೆಯವರು ಬಾವಿಯಿಂದ ಸೇದಿ ಸೇದಿ ತಂದರು. ಅತ್ತೆ ಅಡುಗೆಯನ್ನೂ ಬಿಟ್ಟು ಮಣೆ ಹಾಕಿ ತೊಟ್ಟಿಯ ಎದುರು ಕೂತರು. “ಶುದ್ಧ ಮಾಡಲೆ ಹೋಗಿ ಕೊಂದೇಬಿಡ್ತಿದ್ನಲೇ” ಎಂದು ಅವರು ಕಣ್ಣೊರೆಸಿಕೊಂಡರು. ಇವನ್ನು ಹೊರಗೆ ಹಾಕು ಎಂದವರು ಇವರೇನಾ ಅನ್ನಿಸಿತು.

ಬೆಳಗಾಗುವ ಹೊತ್ತಿಗೆ ಒಂದೆರಡು ಹೋಗಿದ್ದವು. ಉಳಿದವು ಎದ್ದು ಪಾಚಿ ಕೆರೆಯುತ್ತಿದ್ದವು. ಅತ್ತೆ ಸ್ನಾನ ಮುಗಿಸಿ ಬಂದು ನನ್ನ ಪಕ್ಕ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

“ತಾಮ್ರದ್ದು ಆಗದಿಲ್ಲೆ, ಸರಿ. ಬೆಳ್ಳಿ ತಂಬಿಗೆದು ಆಗ್ತಾ?”

೬. ಅಂಕೋಲೆಯ ಅತಿಥಿ

ನಮ್ಮನೆಯವರ ಆಫೀಸಿಗೆ ಅಂಕೋಲೆಯಿಂದ ವರ್ಗವಾಗಿ ಬಂದವರೊಬ್ಬರನ್ನು ಊಟಕ್ಕೆ ಕರೆದಿದ್ದೆವು. ಕೈಕಾಲು ತೊಳೆದು ಬಂದವರು ತೊಟ್ಟಿಯ ಮುಂದೆ ಕೂತುಬಿಟ್ಟರು. ನಮ್ಮನೆಯವರು ಆಫೀಸಿನ ಸುದ್ದಿ ಹೇಳುತ್ತಿದ್ದರೆ ಅವರು “ಹೂಂ, ಹೂಂ” ಎನ್ನುತ್ತಾ ಗಾಜಿನೊಳಗೇ ನೋಡುತ್ತಿದ್ದರು.

“ಅಷ್ಟೆಲ್ಲಾ ಎಂತ ನೋಡ್ತಾ ಇದ್ರಿ?” ಎಂದರು ಅತ್ತೆ.

ಅವರು ಉದ್ದನೆಯ ಉಸಿರು ಬಿಟ್ಟರು. “ಎಂತದಿಲ್ಲ ಅಮ್ಮ. ಊರಿನ ನೆನಪಾಯ್ತು.”

ಅತ್ತೆ ಸರಸರ ಅಡುಗೆಮನೆಗೆ ಬಂದು ಪಿಸುಗುಟ್ಟಿದರು. “ಅವರ ಎಲೆಗೆ ಅನ್ನ, ತಂಬುಳಿ ಒತ್ತಿ ಒತ್ತಿ ಬಡಿಸು ಕೂಸೆ. ಹಸಿದು ಎದ್ರೆ ನಮ್ಮ ತೊಟ್ಟಿ ಉಳೀತಿಲ್ಲೆ!”

೭. ಚಹಾದ ರುಚಿ

ಮಳೆಗಾಲ ಹಿಡಿಯುವ ಹೊತ್ತಿಗೆ ತೊಟ್ಟಿಯ ತುಂಬ ಮರಿ. ಹೊಟ್ಟೆಯಡಿ ಮೊಟ್ಟೆ ಹೊತ್ತು ತಿರುಗುವ ಬಸುರಿಯರು ಬೇರೆ. ಆದರೆ ನಡುನಡುವೆ ಒಂದಿಷ್ಟು ಕಡಿಮೆಯಾದಂತೆ ಕಾಣಿಸುತ್ತಿತ್ತು. ಸತ್ತರೆ ಹೆಣ ಸಿಗಬೇಕು, ಪೊರೆ ಬಿಟ್ಟರೆ ಚಿಪ್ಪು ಸಿಗಬೇಕು. ಎರಡೂ ಇಲ್ಲ.

“ಗಾಳಿ ಬಿಡೋ ಮೋಟಾರಿನ ನಳಿಗೆಲಿ ಹೋಗಿಕ್ಕು” ಎಂದರು ನಮ್ಮನೆಯವರು. ಅಷ್ಟು ಸಣ್ಣ ನಳಿಗೆಯಲ್ಲಿ ಇರುವೆಯೂ ಹೋಗಲಾರದು. ಕಪ್ಪೆಯೋ ಹಲ್ಲಿಯೋ ಎಂದು ತೊಟ್ಟಿಗೆ ಹಲಗೆ ಮುಚ್ಚಿದೆ. ಆದರೂ ಕಡಿಮೆಯಾದವು. ತಿಥಿ ಹತ್ತಿರ ಬರುತ್ತಿತ್ತಲ್ಲ, ಒಂದು ಕೆಟ್ಟ ಅನುಮಾನವೂ ಸುಳಿಯಿತು. ಅತ್ತೆಯೇ ಚರಂಡಿಗೆ ಎಸೆಯುತ್ತಿದ್ದಾರೆಯೇ? ಬೆಳ್ಳಿ ತಂಬಿಗೆ ಕೇಳಿದವರು ಹಾಗೆ ಮಾಡುವವರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅತ್ತೆಯಂತೂ ಯಾವುದಕ್ಕೂ ತಲೆ ಕೆಡಿಸಿಕೊಂಡವರಂತೆ ಕಾಣಲಿಲ್ಲ. ಶುಕ್ರವಾರ ಶುಕ್ರವಾರ ಮುಚ್ಚಳದ ಸ್ಟೀಲು ಡಬ್ಬಿ ಹಿಡಿದು ಹೆಂಗಸರ ಭಜನೆಗೆ ಹೋಗುವುದು, ಬರುವಾಗ ಹಳೆಯ ಪೇಪರಿನಲ್ಲಿ ಸುತ್ತಿದ ಡೇರೆ ಹೂವಿನ, ಅಂದರೆ ಡೇಲಿಯಾದ, ಗಡ್ಡೆ ತರುವುದು. ನಮ್ಮ ಕಡೆ ಹೆಂಗಸರು ಚಿನ್ನವನ್ನಾದರೂ ಕೊಟ್ಟಾರು, ಹೊಸ ಬಣ್ಣದ ಡೇರೆಯ ಗಡ್ಡೆಯನ್ನು ಸುಮ್ಮನೆ ಕೊಡುವವರಲ್ಲ. ಒಂದು ಕೊಟ್ಟರೆ ಒಂದು ಕೊಡಬೇಕು. ಅತ್ತೆಯ ಬಳಿ ಇದ್ದದ್ದು ಊರಿಗೆಲ್ಲ ಇರುವ ಕೆಂಪು, ನೇರಳೆ. ಆದರೂ ಅಂಗಳದಲ್ಲಿ ಹಳದಿ, ಕಿತ್ತಳೆ, ಎರಡು ಬಣ್ಣದ್ದು ಎಲ್ಲ ಅರಳತೊಡಗಿದ್ದವು. ಭಜನೆಯ ಪುಣ್ಯ ಎಂದುಕೊಂಡೆ.

ಒಂದು ಶುಕ್ರವಾರ ಸಂಜೆ ನಮ್ಮನೆಯವರು ಲೋಟ ತುಟಿಗಿಟ್ಟವರು ಹಾಗೇ ಕೆಳಗಿಟ್ಟರು.

“ಇವತ್ತು ಚಾ ಯಾಕೋ ಒಂಥರಾ ಕೆರೆ ನೀರಿನ ಹಾಂಗೆ ಆಗ್ತಾ ಇದ್ದು.”

ಚಹಾ ಸೋಸುವ ಜರಡಿ ನೋಡಿದೆ. ಅಂಚಿನಲ್ಲಿ ಒಂದೆಳೆ ಹಸಿರು ಪಾಚಿ. ಚಹಾಪುಡಿಯವನು ಕಲಬೆರಕೆ ಮಾಡುತ್ತಿದ್ದಾನೆ ಎಂದು ಮರುದಿನ ನಾನೇ ಅಂಗಡಿಗೆ ಹೋಗಿ ಅವನ ಜೊತೆ ಜಗಳವಾಡಿ ಬಂದೆ.

೮. ತಿಥಿ

ಚೌತಿ ಕಳೆಯಿತು. ಮಾವನ ತಿಥಿ ನಾಳೆ ಎನ್ನುವಾಗಲೂ ತೊಟ್ಟಿ ನಡುಮನೆಯಲ್ಲೇ ಇತ್ತು. ನೀರು ತುಂಬಿದ ತೊಟ್ಟಿಯನ್ನು ಎತ್ತಲು ಆಗುವುದಿಲ್ಲ, ನೀರು ಖಾಲಿ ಮಾಡಿದರೆ ಮರಿಗಳು ಸಾಯುತ್ತವೆ, ನಾಳೆ ಒಂದು ದಿನ ಮುಚ್ಚಿಡುತ್ತೇನೆ ಎಂದು ನಾನು ಅಂಗಲಾಚಿದೆ. ಆಶ್ಚರ್ಯವೆಂದರೆ ಅತ್ತೆ ಕೂಗಾಡಲಿಲ್ಲ. “ಭಟ್ರ ಕಣ್ಣಿಗೆ ಬಿದ್ರೆ ನಾ ಜವಾಬ್ದಾರಿ ಅಲ್ಲ. ತಿಥಿ ಕೆಟ್ರೆ ನಾಡಿದ್ದು ಆ ತೊಟ್ಟಿ ಈ ಮನೆಲಿ ಇಲ್ಲೆ” ಎಂದಷ್ಟೇ ಹೇಳಿದರು.

ತೊಳೆದ ಪಂಚೆಯೊಂದನ್ನು ತೊಟ್ಟಿಯ ಮೇಲೆ ಹೊದಿಸಿ ನಾಲ್ಕೂ ಕಡೆ ಇಳಿಬಿಟ್ಟೆ. ನೋಡಿದರೆ ದೇವರ ಪೆಟ್ಟಿಗೆಯೋ ಏನೋ ಅನ್ನಬೇಕು. ಒಂದೇ ತೊಂದರೆ, ಗಾಳಿಯ ಮೋಟಾರು. ನಿಲ್ಲಿಸಿದರೆ ಅವಕ್ಕೆ ಉಸಿರು ಕಟ್ಟುತ್ತದೆ, ನಿಲ್ಲಿಸದಿದ್ದರೆ ಪಂಚೆಯೊಳಗಿಂದ ಗುಳುಗುಳು.

ಪುರೋಹಿತರು ಬಂದರು. ಕಾಲು ತೊಳೆಸಿಕೊಂಡು, ನಮ್ಮನೆಯವರನ್ನು ಎದುರು ಕೂರಿಸಿ ಸಂಕಲ್ಪ ಹೇಳಿಸುತ್ತಿದ್ದವರು ತಟ್ಟನೆ ನಿಲ್ಲಿಸಿದರು. “ತಂಗಿ, ಒಲೆ ಮೇಲೆ ಎಂತದೋ ಉಕ್ತಾ ಇದ್ದು ನೋಡು.”

ನಾನು ಅಡುಗೆಮನೆಗೆ ಓಡಿದಂತೆ ಮಾಡಿ, ಪಾಯಸದ ಪಾತ್ರೆಯ ಮುಚ್ಚಳ ತೆಗೆದು ಹಾಕಿ ಸದ್ದು ಮಾಡಿ ಬಂದೆ. ಮಂತ್ರ ಮುಂದುವರಿಯಿತು. ಗುಳುಗುಳುವೂ ಮುಂದುವರಿಯಿತು.

“ಇನ್ನೂ ಉಕ್ತಾ ಇದ್ದು.”

ಮತ್ತೆ ಓಡಿದೆ. ನನ್ನ ಎದೆ ಮೋಟಾರಿಗಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು. ಬರುವಷ್ಟರಲ್ಲಿ ಪುರೋಹಿತರು ಸದ್ದಿನ ಜಾಡು ಹಿಡಿದು ಎದ್ದು ನಿಂತಿದ್ದರು. “ಇದ್ರೊಳಗೆ ಎಂತ ಇದ್ದು?” ಎನ್ನುತ್ತಾ ಪಂಚೆಯ ಅಂಚು ಎತ್ತಿಯೇಬಿಟ್ಟರು.

ನಮ್ಮನೆಯವರಿಗೆ ಸಾಮಾನ್ಯ ಜ್ಞಾನ ಉಕ್ಕಿ ಬಂತು. ಬಾಯಿ ತೆರೆದರು. “ಅದು ಸೀ…”

“ಕರ್ತೃ ನಡುವೆ ಮಾತಾಡ್ಲಾಗ!” ಎಂದು ಅತ್ತೆ ಗದರಿದ ರಭಸಕ್ಕೆ ಅವರ ಬಾಯಿ ಮುಚ್ಚಿತು. ನಾನು ಕಣ್ಣು ಮುಚ್ಚಿದೆ. ಮಾವನ ತಿಥಿಯೂ ಹೋಯಿತು, ತೊಟ್ಟಿಯೂ ಹೋಯಿತು.

ಕಣ್ಣು ತೆರೆದಾಗ ಪುರೋಹಿತರು ಬಗ್ಗಿ ನೋಡುತ್ತಿದ್ದರು. ಕನ್ನಡಕ ಸರಿಪಡಿಸಿಕೊಂಡು ಇನ್ನಷ್ಟು ಬಗ್ಗಿದರು. ಆಮೇಲೆ ಮುಖ ಅರಳಿಸಿ ತಿರುಗಿದರು.

“ಓಹೋ! ಏಕಾದಶಿ ಹುಳ!”

ಅವರು ಪಂಚೆಯನ್ನು ಇನ್ನಷ್ಟು ಮೇಲೆತ್ತಿದರು.

“ನಮ್ಮನೆಲೂ ಇದ್ದು, ತಂಗಿ. ಉಪ್ಪಿನಕಾಯಿಯ ಗಾಜಿನ ಭರಣಿಲಿ. ಈಗ ಮರಿ ಹಾಕಿದ್ದು. ಸೊಪ್ಪು ಬಿಟ್ರೆ ಬೇರೆ ಎಂತದೂ ಮುಟ್ಟದಿಲ್ಲೆ, ಏಕಾದಶಿಗೆ ಅದೂ ಇಲ್ಲೆ. ಎಂತಾ ಸಾತ್ವಿಕ ಜಂತು! ಆದ್ರೂ ನಿಮ್ಮ ಅತ್ತೆ ವ್ಯವಹಾರದಲ್ಲಿ ಭಾರೀ ಗಟ್ಟಿ ಬಿಡು. ನಮ್ಮನೆಯವಳ ಹತ್ರ ನಾಲ್ಕು ಮರಿಗೆ ಬಿಳಿ ಡೇರೆದೊಂದು ಇಡೀ ಗಡ್ಡೆ ತಗಂಡಿದ್ದ. ಭಜನೆಗೆ ಹೋಪ ಎಲ್ಲಾರ ಮನೆಲೂ ಈಗ ಒಂದೊಂದು ಭರಣಿ ಇದ್ದು.”

ಸ್ಟೀಲು ಡಬ್ಬಿ, ಮರಿ ಎತ್ತಿದ ಚಹಾದ ಜರಡಿ, ಅಂಗಳದ ತುಂಬ ಬಣ್ಣ ಬಣ್ಣದ ಡೇರೆ, ಎಲ್ಲವೂ ಒಟ್ಟಿಗೆ ನನ್ನ ಕಣ್ಣೆದುರು ಬಂದು ನಿಂತವು. ಚಹಾಪುಡಿಯ ಅಂಗಡಿಯವನ ಮುಖವೂ ಬಂತು. ಅತ್ತೆ ಮಾತ್ರ ಏನೂ ಕೇಳಿಸದವರಂತೆ ಬಾಳೆಎಲೆ ಒರೆಸುತ್ತಿದ್ದರು.

ಪುರೋಹಿತರು ಮನಸಾರೆ ಉಂಡರು. ವಡೆಯನ್ನು ಕೇಳಿ ಹಾಕಿಸಿಕೊಂಡರು. ಮಾವನ ತಿಥಿ ಅಷ್ಟು ಸಾಂಗವಾಗಿ ಆದದ್ದು ಅದೇ ಮೊದಲು. ಅವರು ಆಶೀರ್ವಾದ ಮಾಡಿ ಗೇಟು ದಾಟುವುದನ್ನೇ ಕಾದಿದ್ದು ನಾನು ಅತ್ತೆಯನ್ನು ಅಂಗಳದಲ್ಲಿ ಹಿಡಿದೆ. ಬಿಳಿ ಡೇರೆಗೆ ಕೋಲು ಕಟ್ಟುತ್ತಿದ್ದರು. ಹೂವು ತಟ್ಟೆಯಷ್ಟು ಅಗಲ ಅರಳಿತ್ತು.

“ಎಂತ ಅತ್ತೆ ಇದು? ನನ್ನ ಸೀಗಡಿ ಕೊಟ್ಟು…”

“ಮೆಲ್ಲಗೆ ಹೇಳು. ಸೀಗಡಿ ಅಲ್ಲ, ಏಕಾದಶಿ ಹುಳ” ಎಂದರು ಅತ್ತೆ ತಲೆ ಎತ್ತದೆ. “ತಿಥಿಯೊಳಗೆ ಮನೆಯಿಂದ ಹೊರಗೆ ಹಾಕು ಹೇಳಿ ನಿಂಗೆ ಆವತ್ತೇ ಹೇಳಿದ್ನಲೇ? ನೀನು ಹಾಕಿದ್ದಿಲ್ಲೆ. ನಾನೇ ಸ್ವಲ್ಪ ಸ್ವಲ್ಪ ಹೊರಗೆ ಹಾಕ್ತಾ ಬಂದೆ.”

ನನಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಆದರೂ ಎದೆಯಲ್ಲಿದ್ದ ಮಾತು ಬಾಯಿಗೆ ಬಂತು. “ಹಾಂಗರೆ ತೊಟ್ಟಿಲಿ ಉಳಿದವು? ಅವನ್ನೂ ಹೊರಗೆ ಹಾಕ್ತ್ರಾ?”

ಅತ್ತೆ ಕೋಲಿಗೆ ದಾರ ಬಿಗಿದು, ಸೊಂಟ ನೆಟ್ಟಗೆ ಮಾಡಿ, ಇಂಥ ದಡ್ಡಿಯನ್ನು ಶಾಲೆಯಲ್ಲಿ ಟೀಚರು ಮಾಡಿದವರು ಯಾರು ಎನ್ನುವಂತೆ ನನ್ನನ್ನು ನೋಡಿದರು.

“ಹುಚ್ಚನೇ ನಿಂಗೆ? ಮೂಲಗಡ್ಡೆ ಯಾರಾದ್ರೂ ಕೊಡ್ತ್ವನೇ?”